ಬೇರೆ ಕಾರು ಹತ್ತದ ಮಾವ

ಕಾರು ಮಾರುವ ಕೆಲಸದಲ್ಲಿದ್ದ ನಮ್ಮ ಬೀದಿಯ ಶೋರೂಮ್ ಮಾವ ತಮ್ಮ ಕಂಪನಿಯದಲ್ಲದ ಕಾರಿನಲ್ಲಿ ಜನ್ಮೇಪಿ ಕೂತವರಲ್ಲ. ಶೋರೂಮಿನ ಮಾಲೀಕರು ತೀರಿಕೊಂಡ ದಿನ, ಶವಯಾತ್ರೆಗೆ ಸಾಲುಗಟ್ಟಿದ್ದ ಕಾರುಗಳನ್ನು ಎಲ್ಲರೂ ಹತ್ತಿಕೊಂಡರೆ, ಇವರೊಬ್ಬರು ಆ ಸಾಲಿನಲ್ಲಿ ತಮ್ಮ ಲಾಂಛನದ ಗಾಡಿ ಒಂದೂ ಕಾಣದೆ ಸುಡುಬಿಸಿಲಲ್ಲಿ ಸ್ಮಶಾನದವರೆಗೆ ನಡೆದೇ ಹೋದರು. ಸ್ವಾಮಿಭಕ್ತಿಯೆಂದರೆ ಇದು ಎಂದು ಜನ ಕೊಂಡಾಡಿದರು. ಅವರ ಹೆಂಡತಿ, ಬೀದಿಗೆಲ್ಲ ಅತ್ತೆ, ಬೊಬ್ಬೆಯೆದ್ದ ಪಾದಕ್ಕೆ ಮುಲಾಮು ಹಚ್ಚುತ್ತಾ, "ಸತ್ತೋರೇ ಕಂಪನಿ ಗಾಡೀಲಿ ಹೋಗ್ಲಿಲ್ಲ, ನಿಮಗ್ಯಾಕ್ರೀ ಈ ಹಟ?" ಎಂದಿದ್ದರು.

ನಡೆಯುವಾಗಲೂ ಮಾವನ ಬಲಗೈ ಯಾರಿಗೋ ಬಾಗಿಲು ತೆರೆಯಲು ಹೊರಟಂತೆ ತುಸು ಮುಂಚಾಚಿರುತ್ತಿತ್ತು. ಜೇಬಿನ ಮೇಲೆ ಲಾಂಛನದ ಕಸೂತಿಯಿದ್ದ ನೀಲಿ ಕೋಟು ಮೊಣಕೈಯಲ್ಲಿ ಸವೆದು ವಿವರ್ಣವಾಗಿದ್ದರೂ, ಒಂದು ಕಾಲಕ್ಕೆ ವೈದ್ಯರು, ವಕೀಲರು ಆ ಕೋಟಿನ ಮುಂದೆ ಸರದಿ ಕಾದದ್ದುಂಟು. ಕಾರಿನ ಬಾಗಿಲನ್ನು ಎಳೆದು ಮುಚ್ಚಿ, ಆ ಗಂಭೀರ ನಾದ ಅಡಗುವ ಮುನ್ನ, "ಕೇಳಿಸ್ತಾ?" ಎನ್ನುವುದಷ್ಟೇ ಅವರ ವ್ಯಾಪಾರ. ಬರಬರುತ್ತಾ ಕೇಳಿಸಿಕೊಳ್ಳುವವರು ಕಡಿಮೆಯಾದರು. ಬಂದವರು ಪರದೆ ಎಷ್ಟು ದೊಡ್ಡದು, ಫೋನು ಎಲ್ಲಿ ಸಿಕ್ಕಿಸುವುದು ಎಂದು ವಿಚಾರಿಸಿ, "ಒಳ್ಳೆ ಗಾಡಿ ಬಿಡಿ, ನಮ್ಮ ತಾತನ ಹತ್ರ ಇತ್ತು" ಎಂದು ನಕ್ಕು ಎದುರಿನ ಶೋರೂಮಿಗೆ ದಾಟುತ್ತಿದ್ದರು. ಹೊಗಳುತ್ತಲೇ ಹೂತುಹಾಕುವ ಆ ಮಾತನ್ನು ಮಾವ ಹೊಗಳಿಕೆಯೆಂದೇ ಬಗೆದು ಮನೆಗೆ ತಂದು ಅತ್ತೆಗೆ ಒಪ್ಪಿಸುತ್ತಿದ್ದರು. ನೆನೆದರೆ ಪಾಪ ಅನ್ನಿಸುತ್ತದೆ, ಸಿಟ್ಟೂ ಬರುತ್ತದೆ.

ಒಂದು ಬೆಳಿಗ್ಗೆ ಅತ್ತೆ ಅಡುಗೆಮನೆಯಲ್ಲಿ ಕುಸಿದರು. ಬಾಯಿ ಒಂದು ಕಡೆ ವಾಲಿ ಮಾತು ತೊದಲುತ್ತಿತ್ತು. ಪಕ್ಕದ ಮನೆಯ ಟೈಲರ್, ಎದುರಿನ ಶೋರೂಮಿನಲ್ಲಿ ಕೊಂಡಿದ್ದ ತನ್ನ ಹೊಸ ಕಾರನ್ನು ಗೇಟಿಗೇ ತಂದು ನಿಲ್ಲಿಸಿ, "ಬನ್ನಿ ಮಾವ, ಬೇಗ!" ಎಂದು ಕೂಗಿದ. ಅಷ್ಟರಲ್ಲಿ ಮಾವ ಹೆಂಡತಿಯನ್ನು, ಮಾಲೀಕರು ಹೋದ ಮೇಲೆ ಶೋರೂಮಿನಿಂದ ಕೊಂಡಿದ್ದ ತಮ್ಮ ಕಂಪನಿಯ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಯಾಗಿತ್ತು.

"ನಮ್ಮದೇ ಇದೆಯಪ್ಪ. ಈಗ ಸ್ಟಾರ್ಟ್ ಆಗುತ್ತೆ."

ಕೀಲಿ ತಿರುವಿದರು, ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುವಿದರು. ಬಾನೆಟ್ ಎತ್ತಿ ತಂತಿ ಒರೆಸಿದರು, ಗದರಿದರು, ಅಂಗಲಾಚಿದರು. "ಅತ್ತೆ ಮುಖ ನೋಡಿ ಮಾವ!" ಎಂದು ಟೈಲರ್ ತೋಳು ಹಿಡಿದೆಳೆದರೂ, "ಇದು ಯಾವತ್ತೂ ಕೈಕೊಟ್ಟಿಲ್ಲ ಕಣಯ್ಯ" ಎಂದು ಕೊಸರಿಕೊಂಡರು. ಬಹಳ ಹೊತ್ತಿನ ಮೇಲೆ ಕಾರು ಸ್ಟಾರ್ಟ್ ಆಯಿತು. ಆ ಕ್ಷಣ ಮಾವನ ಮುಖದಲ್ಲಿ ಮೂಡಿದ ಹೆಮ್ಮೆಯನ್ನು ಟೈಲರ್ ಇಂದಿಗೂ ಕ್ಷಮಿಸಿಲ್ಲ.

"ಸ್ವಲ್ಪ ಮುಂಚೆ ಕರ್ಕೊಂಡು ಬರಬೇಕಿತ್ತು" ಎಂದರು ಆಸ್ಪತ್ರೆಯ ವೈದ್ಯೆ. ಅತ್ತೆಯ ಜೀವ ಉಳಿಯಿತು. ಬಲಗೈ ಮತ್ತು ಮಾತು ಹೋದವು.

ವರ್ಷ ತುಂಬುವ ಮೊದಲೇ ಕಂಪನಿ ಕಾರು ತಯಾರಿಸುವುದನ್ನು ನಿಲ್ಲಿಸಿ, ತನ್ನ ಹೆಸರನ್ನೂ ಲಾಂಛನವನ್ನೂ ಎದುರಾಳಿಗೇ ಮಾರಿಕೊಂಡಿತು. ಟೈಲರನ ಕಾರಿನಂಥವೇ ಕಾರುಗಳು ಮಾವನ ಕೋಟಿನ ಗುರುತನ್ನು ಮೂತಿಗೆ ಅಂಟಿಸಿಕೊಂಡು ಬೀದಿಯಲ್ಲಿ ಓಡಾಡತೊಡಗಿದವು. ಸುದ್ದಿ ತಿಳಿದ ಸಂಜೆ ಮಾವ ಅತ್ತೆಗೆ ಉಣ್ಣಿಸುತ್ತಾ, "ಕಂಪನಿ ಮಾರಿಬಿಟ್ರಂತೆ ಕಣೆ. ಟೈಲರ್ ಕಾರು ಮಾಡೋರಿಗೇ" ಎಂದರು. ಅತ್ತೆ ಎಡಗೈಯಿಂದ ಚಮಚವನ್ನು ಮೆಲ್ಲಗೆ ದೂಡಿ, ಗೋಡೆಯ ಕಡೆ ಮುಖ ತಿರುಗಿಸಿದರು.

ಇಂಥವರು ಒಂದು ಹೆಸರಿಗಾಗಿ ತಮ್ಮನ್ನೇ ತೆತ್ತುಕೊಂಡರೆಂದು ಲೋಕ ಹಾಡಿಹೊಗಳುತ್ತದೆ. ಅವರ ನಿಷ್ಠೆಯನ್ನು ಕಂಪನಿ ಒಂದು ಚಪ್ಪಾಳೆ ತಟ್ಟಿ ಮರೆಯುತ್ತದೆ, ಎದುರಾಳಿಗೆ ಅದರ ಅರಿವೂ ಇರುವುದಿಲ್ಲ. ಅದರ ಬೆಲೆಯನ್ನು ಪೂರ್ತಿಯಾಗಿ ತೆರುವವರು, ಒಂದು ಮಾತೂ ಕೇಳದೆ ಅವರು ಹಿಂದಿನ ಸೀಟಿನಲ್ಲಿ ಮಲಗಿಸಿಬಿಟ್ಟ ಅತ್ತೆಯಂಥವರು.