ಮೂರನೇ ಮಹಡಿಗೆ ಮುಟ್ಟುವ ಸಿಳ್ಳೆ

ದರ್ಜಿಯ ಮೇಲ್ದುಟಿ ಮೂವತ್ತು ವರ್ಷ ಎರಡು ಕೆಲಸ ಮಾಡಿತ್ತು. ಹಗಲೆಲ್ಲ ಗುಂಡುಸೂಜಿ ಕಚ್ಚಿಕೊಂಡಿರುವುದು ಒಂದು. ಸಂಜೆ ಮೆಟ್ಟಿಲ ಬುಡದಲ್ಲಿ ನಿಂತು ಸಿಳ್ಳೆ ಹಾಕುವುದು ಇನ್ನೊಂದು. ಸಿಳ್ಳೆ ಮೂರನೇ ಮಹಡಿಗೆ ಮುಟ್ಟಿದ ಕೂಡಲೇ ಹೆಂಡತಿ ಒಲೆ ಹಚ್ಚುತ್ತಿದ್ದಳು. ಅವನು ಏದುಸಿರು ಬಿಡುತ್ತ ಹತ್ತಿ ಬರುವಷ್ಟರಲ್ಲಿ ಚಹಾ ತಯಾರು. ಮದುವೆಯಾದ ಹೊಸದರಲ್ಲಿ "ಇದೇನ್ರೀ, ನಾನೇನು ನಾಯೀನಾ?" ಎಂದು ಮುನಿಸಿಕೊಂಡವಳು, ಆಮೇಲೆ ಸಿಳ್ಳೆ ತಡವಾದರೆ ಕಿಟಕಿಗೆ ಬರತೊಡಗಿದಳು.

ತುಟಿಯ ಮೇಲೊಂದು ಗಂಟು ಎದ್ದಾಗ, ಸೂಜಿ ಚುಚ್ಚಿದ್ದು ಎಂದುಕೊಂಡ. ದರ್ಜಿಗೆ ಸೂಜಿ ಚುಚ್ಚುವುದೂ ಒಂದು ಸುದ್ದಿಯೇ? ವರ್ಷ ಕಳೆಯಿತು. ಅಲ್ಲಿ ಚುಚ್ಚಿದರೂ ನೋವಾಗದಾಯಿತು. "ತುಟಿ ಪಳಗಿದೆ ಕಣೇ," ಎಂದು ಬೀಗಿದ.

ಇನ್ನೊಂದು ವರ್ಷಕ್ಕೆ ಹೆಂಡತಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಚರ್ಮದ ಕ್ಯಾನ್ಸರ್ ಎಂದರು. "ತುಂಬಾ ಅಪರೂಪದ್ದು. ನಿಧಾನವಾಗಿ ನರದ ಉದ್ದಕ್ಕೂ ಹರಡುತ್ತೆ, ಅದಕ್ಕೇ ತುಟಿ ಮರಗಟ್ಟಿರೋದು. ಪೂರ್ತಿ ತೆಗೆದ್ರೆ ಹೆಚ್ಚಿನವರು ಬಹಳ ವರ್ಷ ಬದುಕ್ತಾರೆ. ಆದ್ರೆ ಅದೇ ಜಾಗದಲ್ಲಿ ತಿರುಗಿ ಬರಬಹುದು. ಸ್ವಲ್ಪ ಕೊಯ್ದು ಅಂಚು ನೋಡ್ತೀವಿ, ಉಳಿದಿದ್ರೆ ಮತ್ತೆ ಕೊಯ್ತೀವಿ."

"ಕತ್ತರಿಸಿದ ಮೇಲೆ ಅಳತೆ ನೋಡ್ತೀರಾ ಡಾಕ್ಟ್ರೇ? ನಾವು ಹಾಗ್ ಮಾಡಿದ್ರೆ ಗಿರಾಕಿಗಳು ಅಂಗಡಿ ಮುಚ್ಚಿಸ್ತಾರೆ."

ಹೆಂಡತಿ ನಗಲಿಲ್ಲ. "ಆಮೇಲೆ ಸಿಳ್ಳೆ ಹಾಕೋಕೆ ಬರುತ್ತಾ ಇವರಿಗೆ?"

ಡಾಕ್ಟರಮ್ಮನ ಪೆನ್ನು ನಿಂತಿತು. "ಮೊದಲು ಜೀವ ನೋಡೋಣಮ್ಮ."

ಮೂರನೇ ಸಲ ಕೊಯ್ದಾಗ ಅಂಚು ಶುದ್ಧವಾಯಿತು. ಕೆನ್ನೆಯ ಚರ್ಮ ತಂದು ತುಟಿಗೆ ತೇಪೆ ಹಾಕಿದರು. ಹೊಲಿಗೆ ಪರವಾಗಿಲ್ಲ ಎಂದು ದರ್ಜಿ ಕನ್ನಡಿಯಲ್ಲಿ ನೋಡಿ ಒಪ್ಪಿದ. ಸೂಜಿಗಳು ಮಣಿಕಟ್ಟಿನ ಮೆತ್ತೆಗೆ ಹೋದವು. ಬಾಯಿ ಖಾಲಿಯಾದ್ದರಿಂದ ಅವನು ಗಿರಾಕಿಗಳೊಂದಿಗೆ ಮಾತಿಗಿಳಿದ. ಮಾತಾಡುವುದಿಲ್ಲ ಎಂದು ದೂರುತ್ತಿದ್ದವರೇ ಈಗ ಗಡಿಯಾರ ನೋಡತೊಡಗಿದರು.

ಸಂಜೆಯ ಸಿಳ್ಳೆ ಮಾತ್ರ ಬರಲಿಲ್ಲ. ಹೆಂಡತಿ ಪಾತ್ರೆಗೆ ನೀರು ತುಂಬಿ, ಬೆಂಕಿಕಡ್ಡಿ ಕೈಯಲ್ಲಿ ಹಿಡಿದು ಕಿವಿಗೊಟ್ಟು ನಿಲ್ಲುತ್ತಿದ್ದಳು. ಬಾಗಿಲು ತಟ್ಟಿದ ಮೇಲೆಯೇ ಒಲೆ ಹಚ್ಚುವುದು.

"ಚಹಾ ಇನ್ನೂ ಆಗಿಲ್ವಾ?"

"ಬರ್ತೀನಂತ ಹೇಳಿದ್ರಾ?"

ಅವನು ಚಪ್ಪಲಿ ಬಿಡುತ್ತಿದ್ದ. ಅವಳಿಗೆ ಅದೇ ಸಿಟ್ಟು: ಸಿಳ್ಳೆ ಬರದಿದ್ದರೆ ಬೇಡ, ಒಮ್ಮೆ ಪ್ರಯತ್ನವನ್ನಾದರೂ ಮಾಡಬಾರದೇ?

ಹೀಗೆ ಐದು ವರ್ಷ. ಐದನೆಯ ವರ್ಷದ ತಪಾಸಣೆಗೆ ಇಬ್ಬರೂ ಹೋದರು. ಎಲ್ಲೂ ತಿರುಗಿ ಬಂದಿಲ್ಲ, ಆದರೂ ವರ್ಷಕ್ಕೊಮ್ಮೆ ಬರುತ್ತಿರಿ ಎಂದರು ಡಾಕ್ಟರಮ್ಮ. ಮನೆಗೆ ಮರಳಿದಾಗ ಸಂಜೆ. ಅವಳು ಎರಡು ಮೆಟ್ಟಿಲು ಹತ್ತಿ ತಿರುಗಿ ನೋಡಿದಳು. ಅವನು ಬುಡದಲ್ಲೇ ನಿಂತು, ತಲೆಯೆತ್ತಿ, ಓರೆಯಾದ ತುಟಿ ಮುಂದೆ ಮಾಡಿ ಊದುತ್ತಿದ್ದ. ಬರೀ ಗಾಳಿ.

"ಏನ್ರೀ ಅದು?"

"ಏನಂದ್ರೆ? ದಿನಾ ಊದ್ತೀನಲ್ಲೇ. ಕೇಳ್ಸಲ್ಲ ಅಂತ ಗೊತ್ತು. ಅಭ್ಯಾಸ."

ಅವಳು ಮರಳಿ ಇಳಿದು, ಅವನ ಬಾಯಿಗೆ ಕಿವಿ ಒಡ್ಡಿದಳು. "ಇನ್ನೊಂದ್ಸಲ."

ಬೆಚ್ಚಗಿನ ಉಸಿರು ಕಿವಿಗೆ ತಾಗಿತು.

"ನೀವು ನಿಧಾನಕ್ಕೆ ಬನ್ನಿ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆ ಹಚ್ಚಲು ಮೆಟ್ಟಿಲು ಹತ್ತತೊಡಗಿದಳು.