ಅಂಚಿಗೆ ಸರಿದ ಓಬಳಪ್ಪನ ಭಾಷಣ

ಊರ ಕೆರೆಯ ಹೂಳು ಎತ್ತಿದವರು ಭೀಮಕ್ಕ ಮತ್ತು ಅವಳ ಸಂಘದ ಹೆಂಗಸರು. ಎತ್ತಿದ ಮೇಲೆ ಬಂದು ಟೇಪು ಕತ್ತರಿಸಿದವನು ಅವಳ ಗಂಡ ಓಬಳಪ್ಪ. ಹೊನ್ನಾಳಿಯ ಪ್ರತಿಷ್ಠಾನವೊಂದು ಜಲಸೇವೆಯ ಪ್ರಶಸ್ತಿಗೆ ಅರ್ಜಿ ಕರೆದಾಗ, ಅದು ತನಗಲ್ಲದೆ ಇನ್ಯಾರಿಗೆ ಎಂದು ಅವನಿಗೆ ಅನ್ನಿಸಿದ್ದು ಸಹಜವೇ. ಸೇವೆಯ ವಿಡಿಯೋವನ್ನು ಒಂದೇ ಒಂದು ಸಿ.ಡಿ.ಯಲ್ಲಿ ಕಳಿಸಬೇಕೆಂಬುದು ಅಲ್ಲಿನ ನಿಯಮ. ಪೆನ್‌ಡ್ರೈವ್ ಬಂದು ಹಳತಾದ ಸುದ್ದಿ ಅವರಿಗಿನ್ನೂ ಮುಟ್ಟಿರಲಿಲ್ಲ.

ಜಗಳೂರಿನ ಸ್ಟುಡಿಯೋದ ಉಷಾರಾಣಿ ಎಲ್ಲೋ ಮೂಲೆಯಲ್ಲಿದ್ದ ಖಾಲಿ ಸಿ.ಡಿ.ಗಳನ್ನು ಹುಡುಕಿ ತೆಗೆದಳು. ಮೊದಲನೆಯದು ಇನ್ನೇನು ಮುಗಿಯಿತು ಅನ್ನುವಾಗ ಕೆಟ್ಟಿತು. ಎರಡನೆಯದೂ ಅಷ್ಟೇ.

“ಸಾರ್, ಸಿ.ಡಿ. ಹಿಡಿಯೋದಕ್ಕಿಂತ ಒಂಚೂರು ಜಾಸ್ತಿ ಐತೆ. ಭಾಷಣ ಕಡಿಮೆ ಮಾಡಾನ?”

“ಭಾಷಣ ಮುಟ್ಟಬ್ಯಾಡಮ್ಮ! ಬಸ್ಸು ತುಂಬೈತೆ ಅಂತ ಕಂಡಕ್ಟರ್ ಯಾರನ್ನಾದ್ರೂ ಬಿಟ್ಟು ಹೋಗ್ತಾನಾ? ಒತ್ತರಿಸು.”

ಹೆಂಗಸರು ಬುಟ್ಟಿ ಹೊತ್ತ ದೃಶ್ಯ ಹೋಯಿತು. ಕೆರೆಗೆ ನೀರು ಬಂದದ್ದೂ ಹೋಯಿತು. ಜಾಗ ಖಾಲಿಯಾದದ್ದು ಕಂಡದ್ದೇ ಓಬಳಪ್ಪ ತಾನು ಹಾರ ಹಾಕಿಸಿಕೊಂಡ ಇನ್ನೊಂದು ವಿಡಿಯೋ ತಂದುಕೊಟ್ಟ. ಭೀಮಕ್ಕನ ನಾಲ್ಕು ಮಾತು ಮೊದಲಿಗಿರಲಿ, ಹಾರ ಆಮೇಲೆ, ತನ್ನ ಭಾಷಣ ಕೊನೆಗೆ ಎಂದ. ದೊಡ್ಡವರು ಕೊನೆಗೇ ಮಾತಾಡುವುದಲ್ಲವೇ?

ಉಷಾರಾಣಿ ಸಿ.ಡಿ.ಯ ಅಳತೆ ಮೀರಿ ಹೊರ ಅಂಚಿನವರೆಗೂ ತುಂಬಿಸಿದಳು; ಭಾಷಣ ಆ ಅಂಚಿಗೆ ಬಿತ್ತು. “ನಮ್ಮ ಕಂಪ್ಯೂಟರಿನಾಗೆ ಓಡ್ತೈತೆ. ಬೇರೆ ಕಡೆ ಕೊನೇದು ಓಡದೇ ಹೋದ್ರೂ ಹೋಗಬಹುದು ಸಾರ್.”

“ನನ್ನ ಭಾಷಣ ತಡೆಯಾಕೆ ಇಲ್ಲೀವರೆಗೂ ಯಾರ ಕೈಲೂ ಆಗಿಲ್ಲ,” ಎಂದು ಓಬಳಪ್ಪ ಸಿ.ಡಿ. ಕಿಸೆಗಿಟ್ಟ.

ಕೆಲವು ವಾರಗಳ ಮೇಲೆ ಹೊನ್ನಾಳಿಯಿಂದ ಫೋನು ಬಂತು.

“ಭೀಮಕ್ಕನೋರು ನಿಮಗೆ ಏನಾಗಬೇಕ್ರಿ?”

“ನನ್ನ ಹೆಂಡ್ತಿ.”

“ಒಳ್ಳೇದಾತು, ನೀವೇ ಕರ್ಕೊಂಡು ಬರ್ರಿ. ಪ್ರಶಸ್ತಿ ಅವರಿಗೆ ಬಂದೈತೆ. ಹೂಳು ತೆಗೆದದ್ದು ಹೆಂಗೆ ಅಂತ ಚೆಂದಾಗಿ ಹೇಳ್ಯಾರೆ. ಆಮೇಲೆ ಯಾರೋ ಹಾರ ಹಾಕಿಸ್ಕೊಂತಿದ್ರು, ಅಲ್ಲಿಂದ ಮುಂದಕ್ಕೆ ಅದು ಗರ್ ಅಂತ ನಿಂತೇ ಹೋತು.”

ಅವತ್ತು ಓಬಳಪ್ಪ ಹೊಟ್ಟೆ ಸರಿಯಿಲ್ಲವೆಂದು ಊಟ ಬಿಟ್ಟ. ಆದರೂ ಸಮಾರಂಭದ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಎಲ್ಲರಿಗಿಂತ ಮುಂಚೆ ಹೊರಟ. ಅಲ್ಲಿ ವೇದಿಕೆಯ ಬಳಿ ನಿಂತಿದ್ದವನೊಬ್ಬ, “ನೀವು ಅಮ್ಮನೋರ ಜೊತೆಗೆ ಬಂದೋರಾ? ಹಿಂದಿನ ಸಾಲಿನಾಗೆ ಕುಂದರ್ರಿ,” ಎಂದ.

ಭೀಮಕ್ಕ ಸಂಘದ ಹೆಂಗಸರನ್ನೆಲ್ಲ ವೇದಿಕೆಗೆ ಕರೆಸಿ ಅವರ ನಡುವೆ ನಿಂತು ಶಾಲು ಹೊದಿಸಿಕೊಂಡಳು.

ವಾಪಸು ಬರುವಾಗ ಬಸ್ಸಿನಲ್ಲಿ ಫಲಕ ಓಬಳಪ್ಪನ ತೊಡೆಯ ಮೇಲಿತ್ತು. ಪಕ್ಕದವನು ಕೇಳಿದ, “ನಿಮಗೆ ಕೊಟ್ರಾ ಯಜಮಾನ್ರೆ?”

“ಹೂಂ, ನಮ್ಮ ಮನೆಗೆ,” ಎಂದ ಓಬಳಪ್ಪ, ಹೆಸರಿದ್ದ ಕಡೆ ಅಂಗೈ ಅಡ್ಡ ಇಟ್ಟುಕೊಂಡು.

ಮುಂದಿನ ಸೀಟಿನಲ್ಲಿ ಮಂಡಕ್ಕಿ ಹಂಚುತ್ತಿದ್ದ ಭೀಮಕ್ಕ ತಿರುಗಿದಳು. “ಕೈ ತೆಗೀರಿ, ಅವರೂ ಓದಲಿ.”