ಮುಟ್ಟಿ ನೋಡಿ

ಲಾಂಚ್ ನಿಲ್ದಾಣದ ಟಿಕೆಟ್ ಹಾಲಿನ ಮೂಲೆಯಲ್ಲಿ ನಮ್ಮ ಪೆಟ್ಟಿಗೆ. ಅದಕ್ಕೆ ಕೈ ತೂರುವಷ್ಟು ಅಗಲದ ಒಂದು ತೂತು. ಒಳಗೆ ಗರಗಸ ಮೀನಿನ ಮೂತಿ. ಫೈಬರ್‌ನಲ್ಲಿ ಎರಕ ಹೊಯ್ದದ್ದು, ಎರಡೂ ಅಂಚಿಗೆ ಸಾಲು ಹಲ್ಲು. ಕಣ್ಣಿಗೆ ಕಾಣದ್ದನ್ನು ಕೈಯಿಂದ ಊಹಿಸಿದವರು ಅದನ್ನು ಮರೆಯುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಸಿದ್ಧಾಂತಕ್ಕಿದ್ದ ತೊಂದರೆ ಒಂದೇ: ಯಾರೂ ಕೈ ಹಾಕುತ್ತಿರಲಿಲ್ಲ.

ಹತ್ತಿರ ಬರುತ್ತಿದ್ದರು. ಬಗ್ಗಿ ತೂತಿನೊಳಗೆ ಇಣುಕುತ್ತಿದ್ದರು. ಮೇಲಿನ ಬೋರ್ಡು ಓದುತ್ತಿದ್ದರು. ಓದಿದ್ದೇ ತಡ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ಟಿಕೆಟ್ ಕಿಟಕಿಯ ಕಡೆ ಹೊರಡುತ್ತಿದ್ದರು.

ಅಳಿವಿನಂಚಿಗೆ ಬಂದ ಕಡಲ ಜೀವಿಗಳ ಬಗ್ಗೆ ಜನರಿಗೆ ತಿಳಿಸುವ ಈ ಕೆಲಸಕ್ಕೆ ಹಣ ಕೊಡುವುದು ಒಂದು ಟ್ರಸ್ಟು. ಅದರ ಮೇಡಂ ಅಂದು ಬೆಳಿಗ್ಗೆ ನೋಡಲು ಬಂದಿದ್ದರು. ಅವರು ಹೂಂ ಎಂದರೆ ಇನ್ನೊಂದು ವರ್ಷ ನಡೆಯುತ್ತದೆ. ಊಹೂಂ ಎಂದರೆ ಪೆಟ್ಟಿಗೆ ಅಕ್ಕನ ಮನೆಯ ಅಟ್ಟ ಸೇರುತ್ತದೆ, ನಾನು ಬೇರೆ ಕೆಲಸ ಹುಡುಕಬೇಕು.

ಮೇಡಂ ಕಂಬಕ್ಕೊರಗಿ ನಿಂತರು. ಒಂದು ಲಾಂಚ್ ಬಂತು, ಜನ ಇಳಿದರು, ಇಣುಕಿದರು, ಹೋದರು.

“ಹತ್ತಿರ ಬರ್ತಾರೆ, ಆಮೇಲೆ ಓಡಿಹೋಗ್ತಾರೆ,” ಎಂದರು ಮೇಡಂ. “ಅದ್ಯಾಕೆ?”

ಆಕ್ಷೇಪಣೆಯಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ. ನನಗೂ ಬೇಕಿತ್ತು. ಬುಟ್ಟಿ ಇಳಿಸಿ ಬೆಂಚಿನ ಮೇಲೆ ಕೂತಿದ್ದ ಅಜ್ಜಿಯನ್ನೇ ಕೇಳಿದೆ.

“ಅಜ್ಜಿ, ಒಂದ್ಸಲ ಕೈ ಹಾಕಲ್ವಾ?”

“ನೀನೇ ಹಾಕು ತಾಯಿ. ಮುಟ್ಟಿ ನೋಡಿ ಅಂತ ಬೆದರಿಸಿ ಬರೆದಿದ್ದೀರಿ. ಮುಟ್ಟಿದ್ರೆ ಏನ್ ಮಾಡ್ತೀರೋ ಯಾರಿಗೆ ಗೊತ್ತು.”

ತಿರುಗಿ ಬೋರ್ಡು ನೋಡಿದೆ. ಕೆಂಪು ಅಕ್ಷರ, ಕಪ್ಪು ನೆರಳು, ಅಂಚಿಗೆ ಹಳದಿ ಬೆಂಕಿ, ಕೆಳಗೆ ಗರಗಸದ ಹಲ್ಲು. ಇಷ್ಟು ದಿನ ‘ಮುಟ್ಟಿ, ತಿಳಿದುಕೊಳ್ಳಿ’ ಎಂದು ಓದಿಕೊಂಡಿದ್ದೆ. ಈಗ ಬೀದಿಜಗಳದ ದನಿಯಲ್ಲಿ ಕೇಳಿಸಿತು. ‘ಧೈರ್ಯ ಇದ್ರೆ’ ಎಂಬುದೊಂದು ಬಾಕಿ.

ಮೇಡಂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಪೆಟ್ಟಿಗೆ ಮಾಡಿದ್ದು, ಬೋರ್ಡು ಬರೆದದ್ದು ಎರಡೂ ನಮ್ಮ ಭಾವ, ಅಕ್ಕನ ಗಂಡ. ಲಾರಿಗಳಿಗೆ ಬಣ್ಣ ಹೊಡೆಯುವುದು ಅವರ ಕಸುಬು. ಅಂದು ಪೆಟ್ಟಿಗೆಯ ಸಡಿಲ ಮೊಳೆ ಬಿಗಿ ಮಾಡಲು ಬಂದಿದ್ದವರು ಸುತ್ತಿಗೆ ಹಿಡಿದೇ ಎದ್ದರು.

“ನೀನು ಹೇಳಿದ್ದನ್ನೇ ಬರೆದೆ. ಅಕ್ಷರ ತಪ್ಪಿದ್ರೆ ಹೇಳು.”

“ಅಕ್ಷರ ಸರಿ ಇದೆ ಭಾವ. ದನಿ ತಪ್ಪಿದೆ.”

“ಲಾರಿ ಹಿಂದೆ ಬರೆಯೋನು ನಾನು. ನನ್ನ ಅಕ್ಷರ ಓದಿದೋರು ದೂರ ಇರಬೇಕು, ಅದೇ ಅದರ ಕೆಲಸ.” ಸ್ವಲ್ಪ ಯೋಚಿಸಿದರು. “ಸರಿ, ‘ಕೈ ಹಾಕಿ’ ಅಂತ ಬರೀಲಾ?”

“ಬೇಡ, ಪೊಲೀಸರು ಬರ್ತಾರೆ,” ಎಂದರು ಮೇಡಂ.

“‘ಸವರಿ’?”

“ತಲೆ ಸವರೋರು ಅಂದ್ಕೋತಾರೆ,” ಎಂದಳು ಅಜ್ಜಿ.

“‘ಹಿಡಿದು ನೋಡಿ’?”

“ಭಾವ, ಹಿಡೀಬೇಡಿ ಅಂತ ಹೇಳೋಕೇ ಅಲ್ವಾ ನಾವು ಇಲ್ಲಿ ಕೂತಿರೋದು.”

ಅಷ್ಟರಲ್ಲಿ ಮೇಡಂಗೆ ತಡೆಯಲಾಗಲಿಲ್ಲ. ಬಳೆ ಮೇಲೆ ಸರಿಸಿ ತೂತಿನೊಳಗೆ ಕೈ ತೂರಿಸಿದರು. ಕಣ್ಣು ಸೂರಿನ ಕಡೆ ಹೋಯಿತು.

“ಇದೇನು? ಬಾಚಣಿಗೆ... ಅಲ್ಲ, ಎರಡೂ ಕಡೆ ಇದೆ. ಎಷ್ಟು ಉದ್ದ ಇದೆಯಪ್ಪಾ. ಇದೇನು ಇದು?”

ಭಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಹಳೆಯ ಬೋರ್ಡು ಇಳಿಸಿ, ಒಂದು ರಟ್ಟಿನ ಮೇಲೆ ‘ಇದೇನು?’ ಎಂದು ಬರೆದು ಅಂಟಿಸಿದರು. ನೆರಳಿಲ್ಲದ ಬೋಳು ಅಕ್ಷರ. ಅದಕ್ಕೊಂದು ನಿಟ್ಟುಸಿರೂ ಬಿಟ್ಟರು.

ಮುಂದಿನ ಲಾಂಚಿನ ಜನ ಸಾಲು ನಿಂತರು. ಏಣಿ ಎಂದ ಒಬ್ಬ. ಅತ್ತೆಯ ನಾಲಿಗೆ ಎಂದಳು ಒಬ್ಬ ಸೊಸೆ; ಪಕ್ಕದಲ್ಲೇ ಇದ್ದ ಅತ್ತೆಯೂ ಕೈ ಹಾಕಿ, “ಮೊಂಡಾಗಿದೆ, ನಂದಲ್ಲ,” ಎಂದಳು. ಆಮೇಲೆ ಒಬ್ಬ ದೋಣಿ ಮಾಲೀಕ ಬಂದ. ಕೈ ಹಾಕಿದವನು ಏನನ್ನೂ ಊಹಿಸಲಿಲ್ಲ.

“ಇದು ನಮ್ಮ ಬಲೆಗೆ ಬಿದ್ದಿತ್ತು,” ಎಂದ.

“ಏನ್ ಮಾಡಿದ್ರಿ?”

“ಹಲ್ಲೆಲ್ಲ ಬಲೆಗೆ ಸಿಕ್ಕಿಕೊಂಡಿತ್ತು. ಮೂತಿ ಕೊಯ್ದು ನೀರಿಗೆ ಬಿಟ್ವಿ. ಈಜ್ಕೊಂಡು ಹೋಯ್ತು. ಬದುಕಿರುತ್ತೆ ಅಲ್ವಾ?”

ಮರಳಿನಡಿ ಅಡಗಿದ ಆಹಾರವನ್ನು ಆ ಮೀನು ಪತ್ತೆ ಹಚ್ಚುವುದೇ ಮೂತಿಯಿಂದ ಎಂದು ಹೇಳಿದೆ. ಮೂತಿ ಹೋದರೆ ಹಸಿವಿನಿಂದ ಸಾಯುತ್ತದೆ. ಅವನ ಕೈ ಇನ್ನೂ ಪೆಟ್ಟಿಗೆಯೊಳಗೇ ಇತ್ತು.

“ಹಾಗಾದ್ರೆ ಬಲೆ ಕೊಯ್ಯಬೇಕಿತ್ತಾ?”

“ಹೌದು.”

“ಹೊಸ ಬಲೆ ಯಾರು ಕೊಡ್ತಾರೆ?”

ಈ ಮೀನು ಶಾರ್ಕ್ ಜಾತಿಯೋ ಚಪ್ಪಟೆ ತೊರಕೆ ಮೀನಿನ ಜಾತಿಯೋ ಎಂದು ಕೇಳಿದ್ದರೆ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಮೇಡಂ ಕಡೆ ನೋಡಿದೆ. ಅವರು ಹತ್ತಬೇಕಾದ ಲಾಂಚ್ ಹಾರ್ನ್ ಹೊಡೆಯುತ್ತಿತ್ತು. ಅವರು ಕದಲಲಿಲ್ಲ.

“ನನಗೂ ಗೊತ್ತಿಲ್ಲ,” ಎಂದರು ಅವನಿಗೆ. ಆಮೇಲೆ ನನ್ನ ಕಡೆ ತಿರುಗಿ, “ಇನ್ನೊಂದು ವರ್ಷ ನಡೆಸಿ. ಈ ಪೆಟ್ಟಿಗೆ ದೋಣಿಗಳ ಹತ್ರಾನೂ ಹೋಗಲಿ. ಆದ್ರೆ ಇವರ ಪ್ರಶ್ನೆಗೆ ಉತ್ತರ ಹುಡುಕೋದೂ ನಿಮ್ಮ ಕೆಲಸದಲ್ಲಿ ಸೇರಿತು. ನನ್ನದರಲ್ಲೂ.”

ಭಾವ ಹಳೆಯ ಬೋರ್ಡು ಕಂಕುಳಲ್ಲಿ ಹಿಡಿದು ಟಿಕೆಟ್ ಹಾಲ್ ಸುತ್ತುತ್ತಿದ್ದರು. ಎದುರು ಗೋಡೆಯಲ್ಲಿ ಜೀವಂತ ಗರಗಸ ಮೀನಿನ ದೊಡ್ಡ ಚಿತ್ರ ಹಾಕಿದ್ದೆವು. ಅದರ ಕೆಳಗೆ ಬೋರ್ಡಿಟ್ಟು ಮೊಳೆ ಹೊಡೆದರು.

ದೋಣಿ ಮಾಲೀಕ ಅದನ್ನು ಗಟ್ಟಿಯಾಗಿ ಓದಿದ. “ಮುಟ್ಟಿ ನೋಡಿ.” ಎರಡೂ ಕೈ ಜೇಬಿಗಿಳಿಸಿಕೊಂಡ.

ಭಾವ ನನ್ನ ಕಡೆ ತಿರುಗಿದರು. “ಈಗ ದನಿ?”

“ಈಗ ಸರಿ ಇದೆ,” ಎಂದೆ.